ಮಧ್ಯಾಹ್ನ ಮೂರರ ಮೋಟರು

ಕಣ್ಣಿನ ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಅಪ್ಪ, ಅವರ ಮಗಳು ಕೂತಿದ್ದರು. ಅಪ್ಪ ಮೂವತ್ತು ವರ್ಷ ಮನೆಮನೆಯ ಕರೆಂಟ್ ಮೀಟರ್ ಓದಿ ನಿವೃತ್ತರಾದವರು. ಹೊಸ ಸ್ಮಾರ್ಟ್ ಮೀಟರುಗಳೊಳಗೆ ಕಂಪ್ಯೂಟರ್ ಮೂಲಕ ಕಳ್ಳರು ನುಗ್ಗಬಹುದೇ ಎಂದು ಪರೀಕ್ಷಿಸುವುದು ಮಗಳ ಕೆಲಸ. ಇಷ್ಟೂ ಅವರ ಮಾತಿನಿಂದಲೇ ತಿಳಿಯಿತು.

"ನುಗ್ಗಿದ್ಯಾ?"

"ಹೂಂ ಅಪ್ಪ. ಮೊದಲು ನಮ್ಮನೆ ಮೀಟರಿನೊಳಕ್ಕೇ. ಕೂತ ಕುರ್ಚಿಯಿಂದ ಏಳಲಿಲ್ಲ."

"ನಾನು ಗೇಟಲ್ಲಿ ನಿಂತು, ನಾಯಿ ಕಟ್ರೀ ಅಂತ ಗಂಟಲು ಹರ್ಕೊಂಡು ಕೂಗ್ತಿದ್ದೆ!"

"ಇನ್ನೊಂದು ಕೇಳು. ಊರಿನ ಎಲ್ಲಾ ಮೀಟರಿಗೂ ಒಂದೇ ಪಾಸ್‌ವರ್ಡ್."

"ಎಲ್ಲಾದಕ್ಕೂನಾ?"

"ನಲವತ್ತು ಸಾವಿರಕ್ಕೂ. ಕಳ್ಳನಿಗೆ ಸಿಕ್ಕಿದ್ರೆ ಕೂತಲ್ಲಿಂದ್ಲೇ ಕರೆಂಟ್ ಕಡೀಬಹುದು, ಒಂದೇ ಏಟಿಗೆ ಊರೆಲ್ಲಾ ಕತ್ತಲು."

"ಅಬ್ಬಬ್ಬಾ! ಊಟದ ಡಬ್ಬಿಯಷ್ಟಿಲ್ಲ ಕಣೇ ಆ ಮೀಟರು!"

"ಯಾವ ಮನೇಲಿ ಯಾವಾಗ ಏನು ಓಡುತ್ತೆ ಅನ್ನೋದೂ ಕಾಣುತ್ತೆ."

"ನಮ್ಮನೇಲಿ ಏನು ಕಾಣ್ತು?"

ಮಗಳು ದನಿ ತಗ್ಗಿಸಿದಳು.

"ದಿನಾ ಮಧ್ಯಾಹ್ನ ಮೂರಕ್ಕೆ, ಹತ್ತು ನಿಮಿಷ, ಒಂದು ಸಣ್ಣ ಮೋಟರು. ಅಮ್ಮನ ಹೊಲಿಗೆ ಮಿಷನ್ ಅಲ್ವಾ?"

ಅವರು ಕನ್ನಡಕ ತೆಗೆದು ಒರೆಸತೊಡಗಿದರು.

"ಅವಳು ಹೋದ್ಮೇಲೆ ಸುಮ್ನೆ ಬಿದ್ದಿತ್ತು. ಬಟ್ಟೆ ಇಡಲ್ಲ, ದಾರ ಹಾಕಲ್ಲ. ಸದ್ದು ಕೇಳ್ತೀನಿ, ಅಷ್ಟೇ. ಅದೂ ಕಾಣುತ್ತಾ?"

"ಕಾಣುತ್ತಪ್ಪ."

ನರ್ಸ್ ಕರೆದರು. ಮಗಳ ಭುಜ ಹಿಡಿದು ಎದ್ದವರು ಒಂದು ಹೆಜ್ಜೆ ಇಟ್ಟು ನಿಂತರು.

"ಆ ಪಾಸ್‌ವರ್ಡು ಬೇಗ ಬದಲಾಯ್ಸೋಕೆ ಹೇಳಮ್ಮ" ಎಂದರು. "ಊರಲ್ಲಿ ಇನ್ನೂ ಯಾರ್ಯಾರು ಏನೇನು ಓಡಿಸ್ಕೊಂಡು ಕೂತಿರ್ತಾರೋ."