ಹಿಡಿದ ಚೆಂಡು ಬಿಟ್ಟ ಕಥೆ

...ಕಾಲು ತಾಗಿದ್ರೆ ತಾಗ್ಲಿ ಬಿಡೋ! ನನ್ನ ಮುಟ್ಟಿ ಕಣ್ಣಿಗೊತ್ಕೊಳಕ್ಕೆ ಹೋಗಿ ಲೋಟದಲ್ಲಿದ್ದ ಕಾಫಿಯೆಲ್ಲಾ ಚೆಲ್ದೆ ನೋಡು. ಇದೇ, ಇದೇ ಬುದ್ಧಿಯಿಂದಾನೇ ಕಣೋ ನಾನು ಕೆಟ್ಟಿದ್ದು. ನಗ್ಬೇಡ. ಜಾಕ್ ಸಾಹೇಬ್ರು ಅಂತ ಇದ್ರು, ಆಸ್ಟ್ರೇಲಿಯಾದವ್ರು. ಮಾಗಡಿ ರೋಡಲ್ಲಿ ಒಂದು ಹೊಸ ಫ್ಯಾಕ್ಟರಿಗೆ ಮಿಷಿನ್ ಕೂರ್ಸಕ್ಕೆ ಬಂದಿದ್ರು, ನಾನಲ್ಲಿ ದಿನಗೂಲಿ. ಸ್ವಾತಂತ್ರ್ಯ ಬಂದು ಏಳೆಂಟು ವರ್ಷ ಆಗಿತ್ತೇನೋ, ರಾಜಾಜಿನಗರ ಇನ್ನೂ ಕಟ್ತಾ ಇದ್ರು, ಈ ಕಡೆಯೆಲ್ಲಾ ಬರೀ ರಾಗಿ ಹೊಲ. ಏನು ಹೇಳ್ತಿದ್ದೆ? ಹಾಂ, ಸಾಹೇಬ್ರು. ಅವರ ದೇಶದಲ್ಲಿ ದೊಡ್ಡ ಫುಟ್‌ಬಾಲ್ ಆಟಗಾರರಂತೆ. ನಮ್ಮ ಫುಟ್‌ಬಾಲ್ ಅಲ್ಲಪ್ಪಾ, ಅವರದ್ದೇ ಬೇರೆ. ಚೆಂಡು ಸಿಪ್ಪೆ ತೆಗೀದಿರೋ ತೆಂಗಿನಕಾಯಿ ಥರ ಉದ್ದಕ್ಕೆ, ಕಾಲಲ್ಲೂ ಒದೀಬೋದು, ಕೈಯಲ್ಲೂ ಹಿಡೀಬೋದು. ಜನ ಕಿಕ್ಕಿರಿದು ನೋಡೋರಂತೆ. ಮಂಡಿ ಮುರಿದು ಆಟ ನಿಂತ್ಹೋಯ್ತು, ಹೊಟ್ಟೆಪಾಡಿಗೆ ಮಿಷಿನ್ ಕೆಲಸ ಹಿಡಿದ್ರು. ಚೆಂಡು ಮಾತ್ರ ಬಿಟ್ಟಿರ್ಲಿಲ್ಲ, ಹಡಗಲ್ಲಿ ತಂದಿದ್ರು. ಸಾಯಂಕಾಲ ಅತ್ತಿಗುಪ್ಪೆ ಕೆರೆ ಒಣಗಿದ ಅಂಗಳದಲ್ಲಿ ನಮಗೆಲ್ಲಾ ಕಲ್ಸೋರು. ಅವರ ಆಟದಲ್ಲಿ ಏನಪ್ಪಾ ಅಂದ್ರೆ, ಮುಂದೆ ನಿಂತವನ ಬೆನ್ನಿಗೆ ಮಂಡಿ ಕೊಟ್ಟು, ಹೆಗಲು ತುಳಿದು ಮೇಲಕ್ಕೆ ಹಾರಿ ಚೆಂಡು ಹಿಡೀಬೇಕು, ಹಿಡಿದಿದ್ದನ್ನ ಬಿಡ್ದೆ ಕೆಳಗಿಳೀಬೇಕು. ನಮ್ಮ ಹುಡುಗ್ರು ಹೆಂಗೆ ಹಾರ್ತಾರೆ ಹೇಳು? ಕಾಲು ತಾಗ್ತಿದ್ದಂಗೆ ನಿಂತು, ತಾಗಿದೋನ್ನ ಮುಟ್ಟಿ ಕಣ್ಣಿಗೊತ್ಕೊಳೋದು, ಚೆಂಡು ಆ ಕಡೆ ಉರುಳ್ಕೊಂಡು ಹೋಗೋದು. ಸಾಹೇಬ್ರು ಟೋಪಿ ತೆಗೆದು ನೆಲಕ್ಕೆ ಬಡಿಯೋರು. "ಬಾಲ್, ಮ್ಯಾನ್! ಬಾಲ್ ನೋಡು!" ನಾನೊಬ್ಬ ಕಲ್ತೆ. ಎಲ್ಲರಿಗಿಂತ ಎತ್ತರ ಹಾರ್ತಿದ್ದೆ, ಸುಳ್ಳಲ್ಲ, ನಿಮ್ಮಜ್ಜೀನ ಕೇಳು... ಅಲ್ಲ, ಅವಳಿನ್ನೂ ಬಂದಿರ್ಲಿಲ್ಲ ಬಿಡು.

ಆಮೇಲೆ ಮಿಷಿನ್ ಕೂರ್ಸಿದ್ದಾಯ್ತು, ದಿನಗೂಲಿಯೋರ್ನೆಲ್ಲಾ ಮನೆಗೆ ಕಳಿಸ್ತಾರೆ ಅಂತ ಸುದ್ದಿ. ನಮ್ಮನೇಲಿ ಅಮ್ಮ, ತಂಗೀರು, ಬರೀ ಗಂಜಿ. ಮ್ಯಾನೇಜರ್‌ಗೆ ಆಟದ ಹುಚ್ಚು, ಸಾಹೇಬ್ರು ಅವರ ಹತ್ರ ಮಾತಾಡಿ ಒಪ್ಸಿದ್ರು: ಒಂದು ಮ್ಯಾಚು, ಚೆನ್ನಾಗಿ ಆಡಿದ ಒಬ್ಬನಿಗೆ ಕೆಲಸ ಕಾಯಂ. "ನೀನೇ ಗೆಲ್ಲೋದು" ಅಂತ ನನ್ನ ಬೆನ್ನು ತಟ್ಟಿದ್ರು. ಆಟ ಇನ್ನೇನು ಮುಗೀಬೇಕು, ಚೆಂಡು ಆಕಾಶಕ್ಕೆ ಹೋಯ್ತು. ಅದರ ಕೆಳಗೆ ಎದುರು ಪಾರ್ಟೀಲಿ ಆಡ್ತಿದ್ದ ಮೇಸ್ತ್ರಿ ಸಿದ್ದಣ್ಣ. ನನ್ನ ಕೆಲಸಕ್ಕೆ ಸೇರ್ಸಿದೋರೇ ಅವರು, ಅಪ್ಪ ಸತ್ಮೇಲೆ ನನ್ನ ಪಾಲಿಗೆ ಅವರೇ ಅಪ್ಪ. ಹಾರ್ದೆ. ಅವರ ಹೆಗಲ ಮೇಲೇ ಕಾಲಿಟ್ಟೆ. ಹಿಡಿದೂಬಿಟ್ಟೆ ಕಣೋ, ಎರಡೂ ಕೈಯಲ್ಲಿ! ಸಾಹೇಬ್ರು ಕಿರಿಚ್ಕೊಂಡು ಕುಣೀತಿದ್ದಾರೆ. ಇಳೀತಾ ಇಳೀತಾ ನೋಡ್ತೀನಿ, ಸಿದ್ದಣ್ಣನ ಬಿಳೀ ಬನೀನ್ ಮೇಲೆ ನನ್ನ ಪಾದದ ಮಣ್ಣು. ಕೈ ನನ್ನ ಮಾತು ಕೇಳ್ಲೇ ಇಲ್ಲ. ಚೆಂಡು ಬಿಟ್ಟು ಅವರ ಹೆಗಲು ಮುಟ್ಟಿ ಕಣ್ಣಿಗೊತ್ಕೊಂಡೆ. ಸಿದ್ದಣ್ಣನೇ ಬೈದ್ರು, "ಏ ಮುಠ್ಠಾಳ, ನನ್ನ ಹೆಗಲೇನು ಓಡ್ಹೋಗುತ್ತಾ? ಚೆಂಡು ಹಿಡ್ಕೊಳೋ!" ಎಲ್ಲಿ ಹಿಡ್ಕೊಳೋದು, ಇನ್ನೊಬ್ಬ ಎತ್ಕೊಂಡು ಒದ್ದೂ ಆಗಿತ್ತು. ಕಾಯಂ ಅವನೇ ಆದ. ನಾನು ನಾಯಂಡಹಳ್ಳಿ ಗೋಡೌನಲ್ಲಿ ಮೂಟೆ ಹೊತ್ತೆ, ಸೊಂಟ ಬಿದ್ದೋಗೋವರೆಗೂ ಹೊತ್ತೆ. ಸಾಹೇಬ್ರು ಊರಿಗೆ ಹೊರಟಾಗ್ಲೂ ನನ್ನ ಕೈ ಹಿಡ್ಕೊಂಡು "ಬಾಲ್, ಮ್ಯಾನ್!" ಅಂದ್ರು. ಅದಕ್ಕೇ ಹೇಳೋದು, ಕೈಯಲ್ಲಿರೋದನ್ನ ಮೊದ್ಲು ಭದ್ರ ಮಾಡ್ಕೋ, ಆಮೇಲೆ ನಮಸ್ಕಾರ ಮಾಡು. ಹೋಗು, ಒರೆಸೋ ಬಟ್ಟೆ ತಗೊಂಡ್ಬಾ.