ಒಳಮಗ್ಗುಲಿಲ್ಲದ ಬಟ್ಟೆ

ಜಾವಾದ ಅರಮನೆಯೊಂದರ ಹೆಬ್ಬಾಗಿಲ ಬಳಿ ಕಷಾಯ ಮಾರುವ ಸುತಿನಾ ಲೋಟ ತೊಳೆಯುತ್ತಿದ್ದಾಗ ಕಾವಲುಗಾರನ ಗದರಿಕೆ ಕಿವಿಗೆ ಬಿತ್ತು. ಅವನೆದುರು ಹಳ್ಳಿಯ ಹೆಂಗಸೊಬ್ಬಳು ಮೇಣದಲ್ಲಿ ಚಿತ್ತಾರ ಬರೆದು ಬಣ್ಣ ಅದ್ದಿದ, ಓರೆ ಅಲೆಗಳ ಬಾಟಿಕ್ ಬಟ್ಟೆ ಉಟ್ಟು ನಿಂತಿದ್ದಳು.

"ಏಯ್, ನಿಲ್ಲು! ಆ ಅಲೆ ಚಿತ್ತಾರ ಉಟ್ಕೊಂಡು ಒಳಗೆ ಬರೋ ಹಾಗಿಲ್ಲ. ಅದು ಅರಸು ಮನೆತನದೋರಿಗೆ ಮಾತ್ರ."

"ಇದನ್ನ ಬರೆದೋಳು ನಮ್ಮವ್ವ, ಸ್ವಾಮಿ. ಇವತ್ತು ಒಳಗೆ ನನ್ ಮಗಳು ವುಲಾನ್ ಮೊದಲ್ನೇ ಸಲ ಕುಣೀತಾಳೆ. ಇದಕ್ಕಿಂತ ಒಳ್ಳೇದು ನನ್ ಹತ್ರ ಇಲ್ಲ."

"ಯಾರ್ ಬರೆದ್ರೆ ನಂಗೇನು? ಬಿಚ್ಚಿಟ್ಟು ಬಾ."

"ಬಿಚ್ಚಿಟ್ಟು? ಬೀದೀಲಿ?"

"ಹಾಗಾದ್ರೆ ಗೋಡೆ ಮರೆಗೆ ಹೋಗಿ ಒಳಮಗ್ಗುಲು ಹೊರಗೆ ಮಾಡಿ ಉಟ್ಕೊ. ಬೇಗ, ವಾದ್ಯ ಶುರುವಾಯ್ತು."

ಅವಳು ಕದಲಲಿಲ್ಲ. ಉಟ್ಟ ಬಟ್ಟೆಯ ಅಂಚನ್ನು ಮಗುಚಿ ಅವನ ಮುಂದೆ ಹಿಡಿದಳು.

"ನೋಡಿ. ಅವ್ವ ಎರಡೂ ಕಡೆ ಮೇಣ ಎಳೆದವ್ಳೆ. ಕೈಯಲ್ಲಿ ಬರೆದದ್ದಕ್ಕೆ ಒಳಮಗ್ಗುಲು ಇರಲ್ಲ. ಅದು ಇರೋದು ಒಂದೇ ಕಡೆ ಬಣ್ಣ ಹತ್ತಿದ ಸಂತೆಯ ಅಚ್ಚಿನ ಬಟ್ಟೆಗೆ."

"ಹಂಗಾದ್ರೆ ಮನೆಗೆ ಹೋಗು."

"ಹೋಗ್ತೀನಿ. ನಿನ್ನವ್ವ ಬಾಗಿಲ ತನಕ ಬಂದಿದ್ಲು ಅಂತ ವುಲಾನ್‌ಗೆ ಹೇಳಿ. ಏನು ಉಟ್ಟಿದ್ಲು ಅಂತ್ಲೂ ಹೇಳಿ."

ಅವಳು ತಲೆ ತಗ್ಗಿಸದೆ ಬಸ್ಸಿನ ಕಡೆ ನಡೆದಳು. ಗಾಳಿಗೆ ಕಾವಲುಗಾರ ಸೊಂಟಕ್ಕೆ ಸುತ್ತಿದ್ದ ಚಿತ್ತಾರದ ಬಟ್ಟೆಯ ಅಂಚು ಮಗುಚಿ, ಒಳಗಿನ ಬರೀ ಬಿಳುಪು ಕಂಡಿತು. ಅವನು ಅದನ್ನು ಗಡಿಬಿಡಿಯಲ್ಲಿ ಎಳೆದುಕೊಂಡು ಸುತಿನಾಳತ್ತ ನೋಡಿದ. ಅವಳು ತೊಳೆದ ಲೋಟವನ್ನೇ ಮತ್ತೆ ತೊಳೆಯತೊಡಗಿದಳು.