ಕುರ್ಚಿ ಸರಿದ ಸದ್ದು

...ಅದಕ್ಕೇ ಹೇಳ್ತಾ ಇರೋದು ಮೇಡಂ, ನನಗೇನೂ ಆಗಿಲ್ಲ. ನಮ್ಮ ಗೈಡ್ ಕಳಿಸಿದ್ರು, ಬಂದೆ, ಅಷ್ಟೇ. "ಮೊದಲು ನೀನು ಯಾರ ಹತ್ರನಾದ್ರೂ ಕೂತು ಮಾತಾಡು. ಅಲ್ಲೀವರೆಗೂ ನಿನಗೆ ಒಬ್ಬ ಕ್ಲೈಂಟನ್ನೂ ಕೊಡಲ್ಲ" ಅಂದ್ರು. ಥೆರಪಿ ಕಲಿಯೋಳಿಗೆ ಎರಡನೇ ವರ್ಷದಲ್ಲಿ ಕ್ಲೈಂಟೇ ಇಲ್ಲ ಅಂದ್ರೆ ಕೋರ್ಸ್ ಕಥೆ ಮುಗಿದ ಹಾಗೆ. ಕ್ಲೈಂಟ್ ಬಿಟ್ಟು ಹೋದ್ರೆ ನನಗೆ ಚಿಕಿತ್ಸೆ! ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗೆ. ಸರಿ, ಬಂದಿದೀನಿ. ಮಾತಾಡ್ತಾನೂ ಇದೀನಿ. ಆಯ್ತಲ್ಲ?

ಯಾಕೆ ಸುಮ್ನಿದೀರಿ? ಓ... ಗೊತ್ತು ಬಿಡಿ. ಈ ಮೌನ ನಮಗೂ ಕಲಿಸಿದಾರೆ. ಮೊದಲನೇ ವರ್ಷ ಪೂರ್ತಿ ಇದೇ ಪಾಠ. ಎದುರಿಗಿರೋರು ಸುಮ್ನಾದ್ರೆ ನಾವೂ ಸುಮ್ನಿರಬೇಕು, ತಲೆ ಸ್ವಲ್ಪ ವಾಲಿಸ್ಬೇಕು, ಕೈ ಮಡಿಲಲ್ಲಿ ಇಟ್ಕೋಬೇಕು. ನೀವೀಗ ಇಟ್ಕೊಂಡಿದೀರಲ್ಲ, ಹಾಗೇ. ನಮ್ಮತ್ತೆ ಆಡ್ಕೊಂಡು ನಗೋರು, "ಸುಮ್ನೆ ಕೂರೋದಕ್ಕೂ ಎಂಎ ಬೇಕೇನೇ? ನಿಮ್ಮ ಮಾವ ಮದುವೆಯಾದಾಗಿಂದ ಪುಕ್ಕಟೆ ಮಾಡ್ತಿದಾರಲ್ಲ" ಅಂತ. ...ನಗ್ತಿದೀರಾ? ನಗಿ, ನಗಿ. ನಿಮಗೂ ನಗು ಬರುತ್ತೆ ಅಂತಾಯ್ತು.

ನಡೆದದ್ದು ಇಷ್ಟೇ. ನನ್ನ ಕ್ಲೈಂಟ್ ಒಬ್ಬರು ಟೈಲರ್, ಐವತ್ತು ದಾಟಿದೋರು. ನಿದ್ದೆ ಬರಲ್ಲ ಅಂತ ಹೆಂಡ್ತಿ ದಬ್ಬಿ ಕಳಿಸಿದ್ದು. ವಾರ ವಾರ ಬರೋರು, ಕಾಜಾ, ಗುಂಡಿ, ಕಾಲರು ಅಂತ ಅದೇ ಮಾತು. ನನ್ನ ಅಂಗಿ ಭುಜ ಒಂದು ಕಡೆ ಇಳಿದಿದೆ ಅಂತಾನೂ ಹೇಳಿದ್ರು. ಹಾಸಿಗೆ ಹಿಡಿದ ಅಪ್ಪನ್ನ ವರ್ಷಗಟ್ಟಲೆ ಅವರೊಬ್ಬರೇ ನೋಡ್ಕೊಂಡಿದ್ರಂತೆ. ಅದನ್ನ ಮಾತ್ರ ಒಂದೇ ಮಾತಲ್ಲಿ ಮುಗಿಸಿದ್ರು, ನಾನೂ ಕೆದಕಲಿಲ್ಲ. ಹೋದ ತಿಂಗಳು ಒಂದು ದಿನ ಇದ್ದಕ್ಕಿದ್ದ ಹಾಗೆ, ನೆಲ ನೋಡ್ತಾ, "ಅಪ್ಪ ಹೋದ ದಿನ ನಾನು ಹೊಟ್ಟೆ ತುಂಬ ಉಂಡೆ ಮೇಡಂ. ಕೇಳಿ ಬಡಿಸ್ಕೊಂಡೆ" ಅಂದ್ರು. ನಾನು, "ಟೈಮಾಯ್ತು, ಮುಂದಿನ ವಾರ ಮಾತಾಡೋಣ" ಅಂದೆ. ಹೋದ್ರು. ಆಮೇಲೆ ಬರ್ಲೇ ಇಲ್ಲ. ಫೋನ್ ಮಾಡಿದ್ರೆ ಹೆಂಡ್ತಿ ಎತ್ತಿ, "ಇನ್ಮೇಲೆ ಬರಲ್ವಂತೆ" ಅಂದ್ರು.

ಇದರಲ್ಲಿ ನನ್ನ ತಪ್ಪೇನು? ಟೈಮ್ ಅಂದ್ರೆ ಟೈಮ್ ಅಂತ ಹೇಳ್ಕೊಟ್ಟಿದ್ದು ಯಾರು, ಈ ಗೈಡೇ ತಾನೇ?

ಅಷ್ಟಕ್ಕೇ ಬಿಟ್ರಾ? ಇಲ್ಲ. ನಮ್ಮಲ್ಲಿ ಕ್ಲೈಂಟ್ ಒಪ್ಪಿಗೆ ತಗೊಂಡು ಮಾತುಕತೆನೆಲ್ಲ ರೆಕಾರ್ಡ್ ಮಾಡ್ತೀವಿ, ಗೈಡ್ ಕೇಳಿ ತಿದ್ದುತಾರೆ. ಅದರಲ್ಲಿ ಆ "ಬಡಿಸ್ಕೊಂಡೆ" ಆದ ತಕ್ಷಣ ಕುರ್ಚಿ ಸರಿದ ಸದ್ದಿದೆ. ಆಮೇಲೆ ನನ್ನ ದನಿ. ಗೈಡ್ ಅಲ್ಲಿ ನಿಲ್ಲಿಸಿ ಕೇಳಿದ್ರು, "ಯಾರ ಕುರ್ಚಿ?" ಅವರದ್ದು ಅಂದೆ. ಮತ್ತೆ ಹಾಕಿದ್ರು, ಮತ್ತೆ ಅದೇ ಪ್ರಶ್ನೆ. ಅವರದ್ದೇ ಅಂದೆ. ಇದೇನು ಪೊಲೀಸ್ ಠಾಣೆನಾ ಮೇಡಂ? ಆ ಮನುಷ್ಯ ತಾನಾಗೇ ಎದ್ರು, ನಾನು ಟೈಮಾಯ್ತು ಅಂದೆ. ...ಹೌದು, ಟೈಮ್ ಇನ್ನೂ ಇತ್ತು. ಇದ್ರೆ? ಎದ್ದು ನಿಂತೋರನ್ನ ಜುಟ್ಟು ಹಿಡಿದು ಕೂರಿಸ್ಲಾ?

ಮೇಲೆ ಇನ್ನೊಂದು ಮಾತು. "ನಿಮ್ಮ ತಾಯಿ ನೆನಪಾದ್ರಾ?" ಅಂತ. ನಮ್ಮಮ್ಮನ್ನ ಯಾಕೆ ಇದಕ್ಕೆ ಎಳೀಬೇಕು? ಹೌದು, ಅವರೂ ಹಾಸಿಗೆ ಹಿಡಿದಿದ್ರು. ಶಾಲೆ ಕೆಲಸ ಬಿಟ್ಟು ನಾನೇ ನೋಡ್ಕೊಂಡೆ. ಮಗ್ಗುಲು ಬದಲಿಸೋದು, ಮೈ ಒರೆಸೋದು, ಚಮಚದಲ್ಲಿ ನೀರು ಕುಡಿಸೋದು... ಆ ಕಡೆ ತಿರುಗಿದ್ರೆ ಸಾಕು, ಕರೆಯೋರು. "ಮಗಳು ಅಂದ್ರೆ ಹೀಗಿರ್ಬೇಕು" ಅಂತ ಅಕ್ಕಪಕ್ಕದೋರು ಹೊಗಳಿದ್ದೇ ಹೊಗಳಿದ್ದು. ಕೋರ್ಸಿಗೆ ಸೇರೋವಾಗ ಇಂಟರ್‌ವ್ಯೂನಲ್ಲೂ ನಾನೇ ಎದೆ ಸೆಟೆಸಿ ಹೇಳಿದ್ದೀನಿ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋಳಲ್ಲ ನಾನು. ಟೈಲರ್ ಬೇರೆ, ನಾನು ಬೇರೆ. ಅವರು ಉಂಡ್ರು. ಅಮ್ಮ ಹೋದ ದಿನ ನನಗೆ ಒಂದು ತುತ್ತೂ ಇಳೀಲಿಲ್ಲ, ಬೇಕಾದ್ರೆ ನಮ್ಮಣ್ಣನ್ನ ಕೇಳಿ.

...ಹಾಗೆ ನೋಡ್ಬೇಡಿ.

ಏನಾದ್ರೂ ಅನ್ನಿ ಮೇಡಂ. ಸುಳ್ಳು ಹೇಳ್ತಿದೀಯ ಅಂತಾದ್ರೂ ಅನ್ನಿ, ಜಗಳನಾದ್ರೂ ಆಡ್ತೀನಿ.

...

ಸರಿ. ನನ್ನ ಕುರ್ಚಿ. ಸಾಕಾ? ನಾನೇ ಎದ್ದಿದ್ದು. ಅವರು ಕೂತೇ ಇದ್ರು. ತಲೆ ಎತ್ತಿ ನನ್ನ ನೋಡಿದ್ರು, ಬೈಸ್ಕೊಂಡ ಮಗು ಥರ. ಅಷ್ಟು ದೊಡ್ಡ ಮನುಷ್ಯ. ಇನ್ನೊಂದು ಚೂರು ಕೂತಿದ್ರೆ, "ನಾನು ಮಾಡಿದ್ದು ಪಾಪನಾ?" ಅಂತ ಕೇಳಿಬಿಡ್ತಿದ್ರು. ಕೇಳಿದ್ರೆ ನಾನೇನು ಹೇಳ್ಲಿ? ನಾನು... ನಾನ್ಯಾವ ಬಾಯಲ್ಲಿ ಹೇಳ್ಲಿ?

ಯಾಕೆ ಅಂತ ಕೇಳಲ್ವಾ? ...ಕೇಳಲ್ಲ ನೀವು. ಗಟ್ಟಿ ಹೆಂಗಸು.

"ಅದು ಸಹಜ" ಅಂತ ಮಾತ್ರ ಹೇಳ್ಬೇಡಿ. ಆ ಮಾತು ನನಗೂ ಬಾಯಿಪಾಠ, ಬೇರೆಯೋರಿಗೆ ನಾನೇ ಹೇಳಿದ್ದೀನಿ.

ಅಮ್ಮನ್ನ ಕಳಿಸ್ಕೊಟ್ಟು ಮನೆಗೆ ಬಂದ್ವಿ. ಎಲ್ಲರೂ ಹೊರಗೆ ಕೂತು ಅಳ್ತಿದ್ರು. ನಾನು ಒಳಗೆ ಹೋಗಿ ಬಾಗಿಲು ಹಾಕ್ಕೊಂಡೆ. ಪಾಪ, ಒಬ್ಬಳೇ ಅತ್ಕೊಳ್ಳಲಿ ಅಂತ ಯಾರೂ ತಟ್ಟಲಿಲ್ಲ. ನಾನು... ಮಲಗಿಬಿಟ್ಟೆ ಮೇಡಂ. ಅಮ್ಮನ ಹಾಸಿಗೆ ಮೇಲೇ, ಕಾಲು ಚಾಚಿ. ಕರೆಯೋರು ಯಾರೂ ಇರಲಿಲ್ಲ. ಅಷ್ಟು ಸುಖವಾದ ನಿದ್ದೆ ನಾನು ಜನ್ಮದಲ್ಲಿ ಮಾಡಿರಲಿಲ್ಲ.